ಬನಿಯನ್ನಿನ ತೂತು

ನನ್ನ ಬನಿಯನ್ನಿನ ತೂತಿಗೆ ಯಾರೋ ಹೊಲಿಗೆ ಹಾಕಿದ್ದಾರೆ. ಬಿಳಿ ಬನಿಯನ್ನು, ಕೆಂಪು ದಾರ.

ಯಾರೋ ಏನು, ಪಕ್ಕದ ಮನೆ ಅಕ್ಕೋರೇ. ಭಾನುವಾರ ಬೆಳಿಗ್ಗೆ ಬಿಸಿಲು ಕಂಡಿತೆಂದು ಅಂಗಳದ ತಂತಿಗೆ ಬಟ್ಟೆ ಹಾಕಿ ಇಗರ್ಜಿಗೆ ಹೋಗಿದ್ದೆ. ಕಾರವಾರದಲ್ಲಿ ಹುಟ್ಟಿ ಬೆಳೆದೂ ಜುಲೈ ಬಿಸಿಲನ್ನು ನಂಬುವವನಿಗೆ ಏನು ಹೇಳೋಣ! ಫಾದರ್ ಪ್ರವಚನ ಶುರು ಮಾಡಿದರು, ಹೊರಗೆ ಮಳೆಯೂ ಶುರುವಾಯಿತು. ಆವತ್ತು ಓದಿದ್ದು ಬೈಬಲಿನ ಲೂಕನ ಹತ್ತನೇ ಅಧ್ಯಾಯ, ಸಮಾರ್ಯದವನ ಕಥೆ: ಯೆರಿಕೋ ದಾರಿಯಲ್ಲಿ ಕಳ್ಳರು ಹೊಡೆದು ದೋಚಿ ಬಿಟ್ಟುಹೋದವನನ್ನು ಸಮಾರ್ಯ ಸೀಮೆಯ ಪರಕೀಯನೊಬ್ಬ ಕಾಪಾಡಿದ್ದು. ಮೂರು ವರ್ಷಕ್ಕೊಮ್ಮೆ ಈ ಪಾಠದ ಸರದಿ, ಅದೂ ಸರಿಯಾಗಿ ಮಳೆಗಾಲದಲ್ಲೇ. 'ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು' ಅನ್ನುವಾಗ ನನ್ನ ತಲೆಯೊಳಗೆ ಎರಡು ಲುಂಗಿ, ನಾಲ್ಕು ಬನಿಯನ್ನು, ಒಂದು ಬೆಡ್‌ಶೀಟು ನೆನೆಯುತ್ತಿದ್ದವು.

ಮನೆಗೆ ಬಂದರೆ ಎಲ್ಲವೂ ಜಗಲಿಯ ಕುರ್ಚಿ ಮೇಲೆ ಮಡಚಿ ಕೂತಿವೆ. ಅಷ್ಟೇ ಆಗಿದ್ದರೆ ಒಂದು ಥ್ಯಾಂಕ್ಸ್ ಹೇಳಿ ಮುಗಿಸುತ್ತಿದ್ದೆ. ಹೊಲಿಗೆ ಯಾಕೆ? ಗಾಳಿಯಾಡಲಿ ಅಂತ ನಾನೇ ಸಾಕಿಕೊಂಡ ತೂತು ಅದು. ವರ್ಷಗಟ್ಟಲೆ ಶಾಲೆಯಲ್ಲಿ ಮಕ್ಕಳ ನೋಟ್‌ಬುಕ್ಕು ತಿದ್ದಿದ ಟೀಚರ್ ಕೈ, ತಪ್ಪು ಕಂಡರೆ ಕೆಂಪು ಎಳೆಯದೆ ಸುಮ್ನಿರುವುದಿಲ್ಲ ಅಲ್ವಾ.

ಸಮಾರ್ಯದವನ ಕಥೆ ಬಂದಾಗೆಲ್ಲ ನನಗೆ ಆ ಛತ್ರದವನದೇ ಚಿಂತೆ. ಬಿದ್ದವನನ್ನು ಕಂಡೂ ಕಾಣದಂತೆ ದಾಟಿಹೋದ ಯಾಜಕನಿಗೆ, ದೇವಾಲಯದ ಸೇವೆಯ ಲೇವಿಯನಿಗೆ ಎರಡು ಸಾವಿರ ವರ್ಷದಿಂದ ಬೈದದ್ದಾಯಿತು. ಸಮಾರ್ಯದವನನ್ನು ಹೊಗಳಿದ್ದೂ ಆಯಿತು. ಅವನೇನೋ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಪಟ್ಟಿ ಕಟ್ಟಿದ, ಛತ್ರಕ್ಕೆ ತಂದ, ಒಂದು ರಾತ್ರಿ ನೋಡಿಕೊಂಡ. ಮರುದಿನ ಎರಡು ದಿನಾರಿ ಕೊಟ್ಟು ಹೊರಟ. ದಿನಾರಿ ಅಂದರೆ ಒಂದು ದಿನದ ಕೂಲಿ. ಮಿಕ್ಕಿದ್ದು ವಾಪಸು ಬರುವಾಗ ಕೊಡುತ್ತೇನೆ ಅಂದನಂತೆ. ಉದ್ರಿ! ಬಂದನೋ ಇಲ್ಲವೋ, ಕಥೆಯಲ್ಲಿಲ್ಲ. ಇವತ್ತು ನಮ್ಮ ಬಸ್‌ಸ್ಟ್ಯಾಂಡ್ ಹತ್ತಿರದ ಲಾಡ್ಜಿನಲ್ಲಾದರೆ ಮೊದಲು ಆಧಾರ್ ಕಾರ್ಡ್ ಕೇಳುತ್ತಾರೆ. ಕಳ್ಳರು ಮೈಮೇಲಿನ ಬಟ್ಟೆಯನ್ನೂ ಬಿಡದೆ ದೋಚಿದವನ ಹತ್ತಿರ ಆಧಾರ್ ಎಲ್ಲಿಂದ ಬರಬೇಕು? ಹೋಗಲಿ, ಆ ಎಣ್ಣೆ ರಕ್ತ ಮೆತ್ತಿದ ಪಟ್ಟಿ ಬಿಚ್ಚಿದವರು ಯಾರು, ಹಾಸಿಗೆ ಬಟ್ಟೆ ಒಗೆದವರು ಯಾರು? ಎಣ್ಣೆ ಕಲೆ ಸುಮ್ನೆ ಹೋಗುವುದಿಲ್ಲ. ಛತ್ರದವನ ಹೆಂಡತಿಯೇ ಒಗೆದಿರಬೇಕು. ಒಗೆದು ತಂತಿಗೆ ಹಾಕಿದಾಗ ಮಳೆ ಬಂದಿದ್ದರೆ? ಯೆರಿಕೋ ಕಡೆ ಮಳೆ ಕಡಿಮೆ, ಅದೊಂದು ಪುಣ್ಯ. ಫಾದರ್‌ಗೆ ಒಮ್ಮೆ ಇದನ್ನೇ ಕೇಳಿದ್ದೆ. ನಕ್ಕು, ಚಾ ಕುಡಿದು ಹೋಗಿ ಅಂದರು.

ಎಲ್ಲಿದ್ದೆ? ಹೊಲಿಗೆ.

ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಪವಿತ್ರ ಗುರುವಾರ ಇಗರ್ಜಿಯಲ್ಲಿ ಹನ್ನೆರಡು ಜನರ ಕಾಲು ತೊಳೆಯುತ್ತಾರಲ್ಲ, ಒಂದು ವರ್ಷ ನನ್ನನ್ನೂ ಕೂರಿಸಿದ್ದರು. ನಾನು ಮನೆಯಲ್ಲೇ ಸೋಪು ಹಚ್ಚಿ ಎರಡು ಸಲ ತೊಳೆದು, ಹಿಮ್ಮಡಿ ಉಜ್ಜಿ, ಉಗುರು ಕತ್ತರಿಸಿ ಹೋಗಿದ್ದೆ. ಪಕ್ಕದಲ್ಲಿ ಕೂತವನ ಕಾಲಿಗೆ ಪೌಡರ್ ವಾಸನೆ. ಆವತ್ತು ಶಿಷ್ಯ ಪೇತ್ರ ಮಾತ್ರ ಯೇಸುವಿಗೆ 'ನನ್ನ ಕಾಲು ತೊಳೆಯಲೇಬೇಡ' ಅಂತ ಬಾಯಿಬಿಟ್ಟು ಹೇಳಿದ. ನಮಗೆ ಅಷ್ಟು ಧೈರ್ಯ ಎಲ್ಲಿ? ಅಕ್ಕೋರು ಏನೂ ತಿಳಿಸದೆ ತೂತಿಗೇ ಕೈ ಹಾಕಿಬಿಟ್ಟರು.

ಲೆಕ್ಕ ತೀರಿಸಬೇಕಲ್ಲ. ಅಕ್ಕೋರಿಗೆ ಬಂಗಡೆ ಅಂದರೆ ಪ್ರಾಣ. ಆದರೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟು ಕಡಲಿಗಿಳಿಯುವಂತಿಲ್ಲ. ನೆರೆಯವರನ್ನು ಪ್ರೀತಿಸುವುದಾದರೆ ಒಣಮೀನಿನಲ್ಲೇ ಪ್ರೀತಿಸಬೇಕು. ಅದು ಅವರ ಅಡುಗೆಮನೆಯಲ್ಲಿ ನನಗಿಂತ ಜಾಸ್ತಿ ಇದೆ.

ಸರಿ, ಮಳೆ ಬಂದಾಗ ಅವರ ಬಟ್ಟೆ ನಾನು ತೆಗೆಯೋಣ ಅಂದುಕೊಂಡೆ. ಮೂರು ದಿನ ಜಗಲಿಯಲ್ಲಿ ಪೇಪರ್ ಹಿಡಿದು ಅವರ ತಂತಿಯನ್ನೇ ಕಾದೆ. ಬೇಕಾದಾಗ ಬರುವುದಿಲ್ಲ ಈ ಹಾಳು ಮಳೆ. ಗುರುವಾರ ನಾಲ್ಕು ಗಂಟೆಗೆ ಸಮುದ್ರದ ಕಡೆಯಿಂದ ಕಪ್ಪಾಗಿ ಬಂತು. ಎದ್ದೆ. ಒಂದು ಚಪ್ಪಲಿ ಸಿಕ್ಕಿತು, ಇನ್ನೊಂದು ಕುರ್ಚಿಯ ಅಡಿ ಸೇರಿತ್ತು. ಬಗ್ಗಿ ಎಳೆದು ತಲೆ ಎತ್ತಿದರೆ, ಅಕ್ಕೋರ ತಂತಿ ಆಗಲೇ ಖಾಲಿ. ಹೆಗಲ ಮೇಲೆ ತಮ್ಮ ಸೀರೆ ಹಾಕಿಕೊಂಡು, ಬಾಯಲ್ಲಿ ಎರಡು ಕ್ಲಿಪ್ಪು ಕಚ್ಚಿಕೊಂಡು, ನನ್ನ ಲುಂಗಿ ಎಳೆಯುತ್ತಿದ್ದರು.

"ನೀ ಬರ್ಬೇಡ ಮಾರಾಯ, ನೆನೀತೀಯ" ಅಂದರು, ಕ್ಲಿಪ್ಪಿನ ಸಂದಿಯಿಂದಲೇ.