ಕಾಡುದಾರಿಯ ಕಳ್ಳನಿಗೆ ಗಾಜಿನ ಕವಚ ಎಲ್ಲಿಂದ ಬಂತು?

ನಿನ್ನೆ ರಾತ್ರಿ ಹನ್ನೊಂದು ಗಂಟೆ. ಪಾತ್ರೆ ತೊಳೆದಿಟ್ಟು ಇನ್ನೇನು ಮಲಗಬೇಕು, ಅಷ್ಟರಲ್ಲಿ ಕೋಣೆಯಿಂದ ಕೂಗು. "ಚಿಕ್ಕಿ, ಬೇಗ ಬಾ, ಇದನ್ನ ನೋಡು!"

ಅಕ್ಕನ ಮಗ ಇಂಜಿನಿಯರಿಂಗ್ ಮೊದಲ ವರ್ಷ ಮುಗಿಸಿ ರಜಕ್ಕೆ ಬಂದಿದ್ದಾನೆ. ಬಂದಾಗಿನಿಂದ ನನ್ನ ಕಂಪ್ಯೂಟರ್ ಅವನದೇ. ಆಡುತ್ತಿರುವುದು ಆಬ್ಲಿವಿಯನ್ ಅನ್ನುವ ಕಂಪ್ಯೂಟರ್ ಆಟ. 2025ರಲ್ಲಿ ಹೊಸ ರೂಪದಲ್ಲಿ ಬಂತಲ್ಲ, ಅದು. ಹೋಗಿ ನೋಡಿದೆ. ಕಾಡಿನ ನಡುವೆ ಒಂದು ದಾರಿ. ದಾರಿಗೆ ಅಡ್ಡ ನಿಂತಿರುವ ಒಬ್ಬ ಬೆಕ್ಕಿನ ಮುಖದ ದರೋಡೆಕೋರ. ಅವನ ಮೈಮೇಲೆ ತಲೆಯಿಂದ ಕಾಲಿನವರೆಗೆ ಹಸಿರಾಗಿ ಹೊಳೆಯುವ ಗಾಜಿನ ಕವಚ. ನೂರು ಚಿನ್ನದ ನಾಣ್ಯ ಕೊಡು, ಇಲ್ಲಾಂದ್ರೆ ಪ್ರಾಣ ಬಿಡು ಅಂತ ಬೆದರಿಸುತ್ತಿದ್ದಾನೆ.

"ಚಿಕ್ಕಿ, ಆ ಕವಚ ಮಾರಿದ್ರೆ ಸಾವಿರಾರು ಬರುತ್ತೆ. ಇವನು ಜುಜುಬಿ ನೂರಕ್ಕೆ ಕಾಡಲ್ಲಿ ಯಾಕೆ ನಿಂತಿದ್ದಾನೆ?"

ಈ ಪ್ರಶ್ನೆಯನ್ನು ನಾನು 2006ರಿಂದ ಕೇಳುತ್ತಲೇ ಇದ್ದೇನೆ. ಹತ್ತೊಂಬತ್ತು ವರ್ಷ ಕಳೆದು ಅದೇ ಆಟ ಹೊಸ ಬಣ್ಣ ಬಳಿದುಕೊಂಡು ಬಂದರೂ ಆ ಕಳ್ಳ ಅಲ್ಲೇ ನಿಂತಿದ್ದಾನೆ. ಆಮೇಲೆ ನಿದ್ದೆ ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆಟ ಆಡದವರೂ ಓದಿ, ಅರ್ಥವಾಗದಂಥದ್ದೇನೂ ಇಲ್ಲ.

ಆಗಿರುವುದಿಷ್ಟೇ. ಆ ಆಟದ ಒಳಗೆ ಪಟ್ಟಿಗಳಿವೆ. ನೀವು ಒಂದು ಗುಹೆಗೆ ಕಾಲಿಟ್ಟರೆ ಆಟ ಮೊದಲು ನಿಮ್ಮ ಲೆವೆಲ್, ಅಂದರೆ ನಿಮ್ಮ ಪಾತ್ರ ಎಷ್ಟು ಬೆಳೆದಿದೆ ಅನ್ನುವ ಅಂಕಿಯನ್ನು ನೋಡುತ್ತದೆ. ಪಟ್ಟಿಯಿಂದ ಅದಕ್ಕೆ ತಕ್ಕ ಪ್ರಾಣಿಯನ್ನು, ತಕ್ಕ ಕಳ್ಳನನ್ನು ತೆಗೆದು ಎದುರಿಗೆ ನಿಲ್ಲಿಸುತ್ತದೆ. ಕಳ್ಳನ ಮೈಗೆ ಕವಚ ತೊಡಿಸುವುದೂ ನಿಮ್ಮ ಲೆವೆಲ್ ನೋಡಿಯೇ. ಮೊದಲ ಲೆವೆಲ್‌ನಲ್ಲಿ ಇಲಿ, ತೋಳ. ಇಪ್ಪತ್ತು ದಾಟಿದ ಮೇಲೆ ಗೂಳಿ ತಲೆಯ ಮಿನೋಟಾರ್. ಇದಕ್ಕೆ ಲೆವೆಲ್ ಸ್ಕೇಲಿಂಗ್ ಅಂತಾರೆ. ಎಲ್ಲಿಗೆ ಬೇಕಾದರೂ ಹೋಗಿ, ಯಾವಾಗ ಬೇಕಾದರೂ ಹೋಗಿ, ಎಲ್ಲೂ ತೊಂದರೆ ಆಗದಂತೆ ನೋಡಿಕೊಳ್ಳುತ್ತೇವೆ ಅನ್ನುವುದು ಇದರ ಹಿಂದಿನ ಯೋಚನೆ. ಕೇಳೋಕೆ ಚೆನ್ನಾಗಿದೆ.

ಆದರೆ ಹುಡುಗ ಇಪ್ಪತ್ನಾಲ್ಕನೇ ಲೆವೆಲ್‌ವರೆಗೆ ಬೆಳೆದು ಏನು ಪಡೆದ? ಅವನ ಜೊತೆ ಊರ ಕಳ್ಳರೂ ಬೆಳೆದರು, ಕಾಡಿನ ಪ್ರಾಣಿಗಳೂ ಬೆಳೆದವು. ಮೊದಲ ದಿನ ಒಬ್ಬ ಕಳ್ಳನನ್ನು ಹೊಡೆಯೋಕೆ ಎಷ್ಟು ಹೊತ್ತು ಬೇಕಿತ್ತೋ ಇವತ್ತೂ ಅಷ್ಟೇ ಬೇಕು. ಇನ್ನೂ ಸ್ವಲ್ಪ ಜಾಸ್ತಿಯೇ.

ಕ್ವಾಚ್ ಊರನ್ನೇ ತಗೊಳ್ಳಿ. ಊರಿನ ಮುಂದೆ ನರಕದ ಬಾಗಿಲು ತೆರೆದಿದೆ, ಊರು ಹೊತ್ತಿ ಉರಿಯುತ್ತಿದೆ. ಏನೂ ಕಲಿಯದೆ, ಸರಿಯಾದ ಕತ್ತಿಯೂ ಇಲ್ಲದೆ ಮೊದಲ ದಿನವೇ ಒಳಗೆ ಓಡಿದರೆ ಎದುರಾಗುವುದು ಸ್ಕ್ಯಾಂಪ್ ಅನ್ನೋ ಚಿಕ್ಕ ಜೀವಿಗಳು. ಇಪ್ಪತ್ತು ಲೆವೆಲ್ ಬೆಳೆದು, ಮಂತ್ರ ಕಲಿತು, ಕವಚ ತೊಟ್ಟು, ಸಿದ್ಧತೆ ಮಾಡಿಕೊಂಡು ಹೋದರೆ ಮೊಸಳೆ ಮುಖದ ಡೇಡ್ರಾತ್‌ಗಳು ಕಾಯುತ್ತಿರುತ್ತವೆ. ಅದಕ್ಕೇ ಹಳೇ ಆಟಗಾರರು ಹೊಸಬರಿಗೆ "ಕ್ವಾಚ್ ಕೆಲಸ ಬೇಗ ಮುಗಿಸಿಬಿಡು, ಬೆಳೆದ ಮೇಲೆ ಹೋಗಬೇಡ" ಅಂತ ಹೇಳುವುದು. 2006ರ ಆಟದಲ್ಲಂತೂ ಹಾಸಿಗೆಯಲ್ಲಿ ಮಲಗಿ ಎದ್ದರೆ ಮಾತ್ರ ಲೆವೆಲ್ ಏರುತ್ತಿತ್ತು. ಬೇಕೆಂದೇ ನಿದ್ದೆ ಮಾಡದೆ ಇಡೀ ಆಟ ಮುಗಿಸಿದವರಿದ್ದಾರೆ. ಬೆಳೆಯದೆ ಇರುವುದೇ ಜಾಣತನ ಆಗುವ ಆಟವನ್ನು ಬೆಳವಣಿಗೆಯ ಆಟ ಅಂತ ಹೇಗೆ ಕರೆಯೋದು?

ಚಿಲ್‌ರೆಂಡ್ ಅಂತ ಒಂದು ಕತ್ತಿ ಇದೆ. ಅದನ್ನು ಬೇಗ ಗೆದ್ದರೆ ಕೈಗೆ ಬರುವುದು ದುರ್ಬಲ ಕತ್ತಿ. ಮುಂದೆ ನೀವೆಷ್ಟೇ ಬೆಳೆದರೂ ಅದು ಹಾಗೇ ಉಳಿಯುತ್ತದೆ. ಕಳ್ಳನ ಕವಚ ಬೆಳೆಯುತ್ತದೆ, ನನ್ನ ಕತ್ತಿ ಬೆಳೆಯುವುದಿಲ್ಲ. ಇದು ನನಗೆ ಈಗಲೂ ಸಿಟ್ಟು ತರಿಸುತ್ತದೆ.

ಇದೇ ಸರಣಿಯ ಹಿಂದಿನ ಆಟ ಮಾರೋವಿಂಡ್, 2002ರದ್ದು. ಅಣ್ಣ ಯಾರದೋ ಹತ್ತಿರ ಸಿಡಿ ತಂದಿದ್ದ. ಹಡಗಿನಿಂದ ಇಳಿದು ಸೇಡಾ ನೀನ್ ಊರಿನ ಆಚೆ ಸ್ವಲ್ಪ ದೂರ ನಡೆದರೆ ಆಕಾಶದಿಂದ ಒಬ್ಬ ಮಂತ್ರವಾದಿ ಕಿರುಚುತ್ತಾ ಬಂದು ನೆಲಕ್ಕೆ ಬಿದ್ದು ಸಾಯುತ್ತಾನೆ. ಅವನ ಹೆಣದ ಮೇಲೆ ಹಾರುವ ಮಂತ್ರದ ಸುರುಳಿಗಳು ಸಿಗುತ್ತವೆ. ಓದಿ ನೆಗೆದರೆ ಅರ್ಧ ದ್ವೀಪ ದಾಟಿ ಹಾರುತ್ತೀರಿ. ಇಳಿಯುವುದು ಹೇಗೆ ಅಂತ ಯೋಚಿಸಿರದಿದ್ದರೆ ನೀವೂ ಅವನ ಹಾಗೇ ಸಾಯುತ್ತೀರಿ. ಕಥೆಗೆ ಬೇಕೇ ಬೇಕಾದ ಮನುಷ್ಯನನ್ನೂ ಅಲ್ಲಿ ಕೊಲ್ಲಬಹುದಿತ್ತು. ವಿಧಿಯ ದಾರ ಕಡಿದುಹೋಯಿತು, ಬೇಕಾದರೆ ಮೊದಲು ಉಳಿಸಿಟ್ಟ ಹಳೇ ಸೇವ್‌ಗೆ ಹೋಗು, ಇಲ್ಲವಾದರೆ ಈ ಕೆಟ್ಟ ಪ್ರಪಂಚದಲ್ಲೇ ಮುಂದುವರಿ ಎಂಬರ್ಥದ ಒಂದು ಸೂಚನೆ ಬರುತ್ತಿತ್ತು, ಅಷ್ಟೇ. ನಾಲ್ಕು ವರ್ಷ ಬಿಟ್ಟು ಆಬ್ಲಿವಿಯನ್ ಬಂದಾಗ ಅಂಥವರು ಸಾಯುವುದನ್ನೇ ಬಿಟ್ಟರು. ಹೊಡೆದರೆ ಮೂರ್ಛೆ ಬಿದ್ದು, ಸ್ವಲ್ಪ ಹೊತ್ತಿಗೆ ಎದ್ದು ಕೂರುತ್ತಾರೆ.

ತಪ್ಪು ಮಾಡುವ ಹಾದಿಯನ್ನೆಲ್ಲ ಮುಚ್ಚಿ, ಈಗ ನೀನು ಎಲ್ಲಿಗೆ ಬೇಕಾದರೂ ಹೋಗಬಹುದು ಅಂದರೆ ಹೋಗಿ ಏನು ಮಾಡೋದು? ಉತ್ತರಕ್ಕೆ ಹೋದರೂ ನನ್ನಷ್ಟೇ ಬಲದವನು, ದಕ್ಷಿಣಕ್ಕೆ ಹೋದರೂ ನನ್ನಷ್ಟೇ ಬಲದವನು. ಯಾವ ಗುಹೆಯ ಬಾಯಲ್ಲೂ ನಿಂತು "ಇಲ್ಲಿ ಬೇಡ, ವಾಪಸ್ ಹೋಗೋಣ" ಅಂತ ಅನಿಸುವುದೇ ಇಲ್ಲ.

ನನ್ನ ಕೆಲಸ ಫಿಸಿಯೋಥೆರಪಿ. ಕ್ಲಿನಿಕ್‌ನಲ್ಲಿ ದಿನವಿಡೀ ನಾನು ಮಾಡುವುದು ಒಂದು ರೀತಿಯ ಸ್ಕೇಲಿಂಗೇ. ಈ ವಾರ ಕಾಲಿಗೆ ಅರ್ಧ ಕೇಜಿ ಭಾರ, ಮುಂದಿನ ವಾರ ಒಂದು ಕೇಜಿ. ಹಾಗಾಗಿ ಹೊಂದಿಸುವುದು ತಪ್ಪು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಕಳೆದ ವರ್ಷ ಮಂಡಿ ಆಪರೇಷನ್ ಆದ ಒಬ್ಬ ಅಜ್ಜಿಯ ಮನೆಗೆ ಹೋಗುತ್ತಿದ್ದೆ. ಅವರ ಮನೆಯಲ್ಲಿ ಮಹಡಿಗೆ ಹದಿನಾಲ್ಕು ಮೆಟ್ಟಿಲು. ಹಪ್ಪಳ ಒಣಹಾಕುವ ಜಾಗ ಮೇಲೆ. ಎರಡನೇ ವಾರ ಎರಡು ಮೆಟ್ಟಿಲು ಹತ್ತಿ ಅತ್ತುಬಿಟ್ಟರು. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು ಅಂತ ದಿನಾ ಹೇಳಿಕೊಟ್ಟೆ. ಕಂಬಿ ಹಿಡಿದುಕೊಂಡು ಐದು, ಆಮೇಲೆ ಎಂಟು. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಪೂರ್ತಿ ಹತ್ತಿದರು. ಮೇಲೆ ನಿಂತು, ಸೆರಗಿನಿಂದ ಮುಖ ಒರೆಸಿಕೊಂಡು, ಕೆಳಗೆ ನೋಡಿ "ಇಷ್ಟೇನಾ ಇದು?" ಅಂದರು.

ಆ ಮೆಟ್ಟಿಲು ಹದಿನಾಲ್ಕೇ ಇತ್ತು. ಅವರ ಕಾಲಿಗೆ ಬಲ ಬಂದ ಹಾಗೆಲ್ಲ ಯಾರಾದರೂ ರಾತ್ರಿ ಬಂದು ಇನ್ನೆರಡು ಮೆಟ್ಟಿಲು ಕಟ್ಟಿ ಹೋಗಿದ್ದರೆ ಆ ಅಜ್ಜಿ ಆ ಮಾತು ಹೇಳುತ್ತಿದ್ದರಾ?

"ಇಷ್ಟೇನಾ ಇದು" ಅನ್ನುವ ಆ ಒಂದು ಮಾತಿಗೋಸ್ಕರ ನಾನು ಆಟ ಆಡುತ್ತೇನೆ. ಆಬ್ಲಿವಿಯನ್ ಕಿತ್ತುಕೊಂಡಿದ್ದು ಅದನ್ನೇ.

ಕಮೆಂಟಿನಲ್ಲಿ ನೀವು ಹೇಳುವುದನ್ನು ಈಗಲೇ ಹೇಳಿಬಿಡುತ್ತೇನೆ. ಸ್ಕೇಲಿಂಗ್ ಇಲ್ಲದಿದ್ದರೆ ಆಟಗಾರರು ಒಂದೇ ದಾರಿಯಲ್ಲಿ ಹೋಗಬೇಕಾಗುತ್ತದೆ, ಅದೆಂಥ ಸ್ವಾತಂತ್ರ್ಯ ಅಂತೀರಿ. ಫಾಲ್‌ಔಟ್ ನ್ಯೂ ವೇಗಸ್ ಆಡಿದ್ದೀರಾ? 2010ರ ಆಟ. ಗುಡ್‌ಸ್ಪ್ರಿಂಗ್ಸ್ ಊರಿನಿಂದ ವೇಗಸ್‌ಗೆ ಉತ್ತರದ ದಾರಿ ಹತ್ತಿರ. ಆದರೆ ಆ ಕಡೆ ಕ್ಯಾಝಡೋರ್ ಅನ್ನುವ ದೈತ್ಯ ಕಣಜಗಳಿವೆ, ಕಲ್ಲುಗಣಿಯ ಹತ್ತಿರ ಡೆತ್‌ಕ್ಲಾ ಅನ್ನುವ ದೊಡ್ಡ ಉಗುರಿನ ಮೃಗಗಳಿವೆ. ಸ್ಲೋನ್ ಅನ್ನುವ ಜಾಗದ ಕೆಲಸಗಾರರು ಆ ಕಡೆ ಹೋಗಬೇಡ ಅಂತ ಬಾಯಿಬಿಟ್ಟು ಹೇಳುತ್ತಾರೆ. ಬಹಳಷ್ಟು ಜನ ದಕ್ಷಿಣಕ್ಕೆ ಹೋಗಿ, ಪ್ರಿಮ್, ನೊವಾಕ್ ಎಲ್ಲ ಸುತ್ತಿ ವೇಗಸ್ ಸೇರುತ್ತಾರೆ. ಹಾಗಂತ ಉತ್ತರಕ್ಕೆ ಯಾರೂ ಬೇಲಿ ಹಾಕಿಲ್ಲ. ಬಗ್ಗಿಕೊಂಡು, ಬಂಡೆ ಮರೆಯಲ್ಲಿ ನಿಂತು, ಅವು ಆ ಕಡೆ ತಿರುಗಿದಾಗ ನುಸುಳಿದರೆ ದಾಟಬಹುದು. ದಾಟಿದವರ ಕಥೆ ಕೇಳಿ ನೋಡಿ. ಹತ್ತು ವರ್ಷ ಆದಮೇಲೂ ಯಾವ ಬಂಡೆ ಮರೆಯಲ್ಲಿ ಎಷ್ಟು ಹೊತ್ತು ಕೂತಿದ್ದೆವು ಅಂತ ಹೇಳುತ್ತಾರೆ.

ಎಲ್ಡನ್ ರಿಂಗ್ ಕೂಡ ಹಾಗೇ. 2022ರಲ್ಲಿ ಬಂತು. ಮೊದಲ ಬಾಗಿಲು ತೆರೆದು ಹುಲ್ಲುಗಾವಲಿಗೆ ಬಂದ ಕೂಡಲೇ ಎದುರಿಗೆ ಚಿನ್ನದ ಕವಚ ತೊಟ್ಟ ಕುದುರೆ ಸವಾರ. ಟ್ರೀ ಸೆಂಟಿನಲ್. ಹೊಸಬರು ಒಂದೆರಡು ಏಟಿಗೆ ಸಾಯುತ್ತಾರೆ. ಅವನನ್ನು ಈಗಲೇ ಸೋಲಿಸು ಅಂತ ಆಟ ಹೇಳಿಯೇ ಇಲ್ಲ. ಸುತ್ತು ಹಾಕಿ ಹೋಗಬಹುದು. ಮುಂದಿನ ಕೋಟೆಯ ದಾರಿ ಕಾಯುವ ದೊಡ್ಡ ಶತ್ರು ಮಾರ್ಗಿಟ್ ಕೈಯಲ್ಲಿ ಸೋತರೆ ಇಡೀ ಕೋಟೆಯನ್ನೇ ಬಿಟ್ಟು ಬದಿಯ ದಾರಿಯಲ್ಲಿ ಲಿಯುರ್ನಿಯಾ ಅನ್ನುವ ಮುಂದಿನ ಪ್ರದೇಶಕ್ಕೆ ಇಳಿಯಬಹುದು. ಅಲ್ಲಿ ಕಲಿತು, ಬೆಳೆದು ವಾಪಸ್ ಬನ್ನಿ. ಸವಾರ ಅಲ್ಲೇ ಇರುತ್ತಾನೆ, ಅಷ್ಟೇ ಬಲದಲ್ಲಿ. ಕಷ್ಟ ಎಷ್ಟಿರಬೇಕು ಅಂತ ನೀವು ಕಾಲಿನಲ್ಲಿ ನಡೆದು ತೀರ್ಮಾನ ಮಾಡುತ್ತೀರಿ.

ಆಬ್ಲಿವಿಯನ್ ನಂತರ ಅದೇ ಸರಣಿಯಲ್ಲಿ ಬಂದ ಸ್ಕೈರಿಮ್ 2011ರಲ್ಲಿ ಸ್ವಲ್ಪ ಸುಧಾರಿಸಿತು, ಒಪ್ಪುತ್ತೇನೆ. ಕೆಲವು ಜಾಗಗಳಲ್ಲಿ ಶತ್ರುಗಳ ಲೆವೆಲ್ ಇಷ್ಟಕ್ಕಿಂತ ಕೆಳಗಿಲ್ಲ ಅನ್ನುವ ಮಿತಿ ಇಟ್ಟರು. ಆದರೆ ಆ ಆಟ ಆಡಿದ ಯಾರನ್ನಾದರೂ ಮೊದಲ ವಾರದ ನೆನಪು ಕೇಳಿ. ಮ್ಯಾಮತ್ ಕಾಯುವ ದೈತ್ಯನ ಹತ್ತಿರ ಹೋಗಿದ್ದು, ಅವನು ದೊಣ್ಣೆಯಿಂದ ಬಾರಿಸಿದ್ದು, ತಾವು ಮೋಡದವರೆಗೆ ಹಾರಿದ್ದು. ಎಲ್ಲರೂ ಅದನ್ನೇ ಹೇಳುತ್ತಾರೆ. ಯಾರ ಲೆವೆಲ್ ಎಷ್ಟು ಅಂತ ಆ ದೈತ್ಯ ನೋಡುವುದಿಲ್ಲ.

ಇನ್ನೊಂದು ಮಾತು ಬರುತ್ತದೆ. ಕೊನೆಕೊನೆಗೆ ಆಟ ತೀರಾ ಸುಲಭ ಆಗುತ್ತದಲ್ಲ ಅಂತ. ಆಗಲಿ! ಅರವತ್ತು ಗಂಟೆ ಬೆವರು ಸುರಿಸಿದವರು ಮೊದಲ ಹಳ್ಳಿಯ ಪುಂಡನನ್ನು ಒಂದೇ ಏಟಿಗೆ ಕೆಡವಲಿ. ಅದರಿಂದ ಯಾರಿಗೆ ನಷ್ಟ?

ಹಾಗಂತ ಕಷ್ಟವನ್ನೇ ದೊಡ್ಡಸ್ತಿಕೆ ಮಾಡಿಕೊಂಡು, ಆಡೋಕೆ ಬರದಿದ್ದರೆ ಬಿಟ್ಟುಹೋಗಿ ಅನ್ನುವವರ ಜೊತೆಗೂ ನಾನಿಲ್ಲ. ಬೈಕ್ ಅಪಘಾತದಲ್ಲಿ ಎರಡು ಬೆರಳಿನ ಹಿಡಿತ ಹೋದ ಹುಡುಗನೊಬ್ಬ ನನ್ನ ಹತ್ತಿರ ಬರುತ್ತಾನೆ. ಅವನು ಎಲ್ಲವನ್ನೂ ಈಸಿ ಮೋಡ್‌ನಲ್ಲಿ ಆಡುತ್ತಾನೆ, ಆಡಲೇಬೇಕು. ಅಂಥ ಆಯ್ಕೆ ಎಲ್ಲ ಆಟದಲ್ಲೂ ಇರಬೇಕು. ಎಲ್ಡನ್ ರಿಂಗ್‌ನಲ್ಲಿ ಅದು ಇಲ್ಲ, ಇಲ್ಲದಿರುವುದು ನನಗೆ ಇಷ್ಟವಿಲ್ಲ. ಮೆನುವಿನಲ್ಲಿ ಅವನೇ ಆರಿಸಿದ್ದು ಅವನ ಇಷ್ಟ. ಈಸಿ ಮೋಡ್‌ನಲ್ಲೂ ದೈತ್ಯ ದೈತ್ಯನಾಗೇ ಇರಲಿ, ಇಲಿ ಇಲಿಯಾಗೇ ಇರಲಿ. ನನಗೆ ಹೇಳದೆ, ನನ್ನ ಹಿಂದೆಯೇ ಬಂದು, ನಾನು ಬೆಳೆದಷ್ಟನ್ನೂ ಪ್ರಪಂಚ ವಾಪಸ್ ತಗೊಳ್ಳುವುದು ಬೇರೆ.

ಇದನ್ನು ಇಲ್ಲಿ ಯಾವತ್ತೂ ಬರೆದಿರಲಿಲ್ಲ. ಬಿಪಿಟಿ, ಅಂದರೆ ಫಿಸಿಯೋಥೆರಪಿ ಡಿಗ್ರಿಯ ಮೂರನೇ ವರ್ಷ ನಾನು ಎರಡು ವಿಷಯದಲ್ಲಿ ಫೇಲಾಗಿ ಆರು ತಿಂಗಳು ಸಾಗರದ ಮನೆಯಲ್ಲಿ ಕೂತಿದ್ದೆ. ಎಲ್ಲರೂ ಒಳ್ಳೆಯವರೇ. ಆದರೆ ನನ್ನ ಎದುರು ಎಲ್ಲರ ದನಿಯೂ ತಗ್ಗಿತ್ತು. "ಪರವಾಗಿಲ್ಲ, ಸುಲಭದ್ದು ಬೇರೆ ಏನಾದರೂ ಓದು" ಅಂತ ಅಪ್ಪ ಹೇಳಿದರು. ಪ್ರೀತಿಯಿಂದಲೇ ಹೇಳಿದ್ದು. ಆ ರಾತ್ರಿ ನಾನು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆಗ ಆಡುತ್ತಿದ್ದುದು ಗಾಥಿಕ್. 2001ರ ಜರ್ಮನ್ ಆಟ, ಪಿರಾನ್ಹಾ ಬೈಟ್ಸ್‌ನವರದ್ದು. ಆ ಸಂಸ್ಥೆ 2024ರಲ್ಲಿ ಮುಚ್ಚಿಹೋಯಿತು. ಸುದ್ದಿ ಓದಿದ ದಿನ ಮನಸ್ಸು ಕೆಟ್ಟಿತ್ತು. ಆ ಆಟದಲ್ಲಿ ಶುರುವಿಗೆ ಕೋಳಿಯಂಥ ಒಂದು ಹಕ್ಕಿ ಕೂಡ ನಿಮ್ಮನ್ನು ಕೊಲ್ಲುತ್ತದೆ. ನಾಯಕನಿಗೆ ಕತ್ತಿ ಹಿಡಿಯೋಕೂ ಬರುವುದಿಲ್ಲ. ಒಂದೇ ಕೈಯಲ್ಲಿ ಹಿಡಿಯಬೇಕಾದ ಕತ್ತಿಯನ್ನು ಎರಡೂ ಕೈಯಲ್ಲಿ, ಒನಕೆ ಹಿಡಿದ ಹಾಗೆ ಹಿಡಿಯುತ್ತಾನೆ. ಆಟದ ಓಲ್ಡ್ ಕ್ಯಾಂಪ್ ಅನ್ನುವ ಬಿಡಾರದ ಅಖಾಡದಲ್ಲಿ ಗುರುವಿನ ಹತ್ತಿರ ಕಲಿತು ಹೊರಗೆ ಬಂದರೆ ಅವನು ನಿಲ್ಲುವ ರೀತಿಯೇ ಬೇರೆ. ಕತ್ತಿ ಒಂದೇ ಕೈಯಲ್ಲಿ, ಹೆಗಲು ಸಡಿಲ. ಮೊದಲ ಸಲ ಅದನ್ನು ನೋಡಿದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಹತ್ತಿರದ ಕಾಡಿನಲ್ಲಿ ಶ್ಯಾಡೋಬೀಸ್ಟ್ ಅನ್ನುವ ಒಂದು ಕಾಡುಮೃಗ ಇತ್ತು. ಒಂದೇ ಏಟಿಗೆ ಕೊಂದು ಹಾಕುತ್ತಿತ್ತು. ತಿಂಗಳುಗಟ್ಟಲೆ ಆ ಕಾಡಿನ ಅಂಚು ಬಳಸಿಕೊಂಡು ಓಡಾಡಿದೆ. ಒಂದು ಸಂಜೆ ಕರೆಂಟು ಹೋಗಿ ಯುಪಿಎಸ್ ಬಡಿದುಕೊಳ್ಳುತ್ತಿತ್ತು. ಅದು ಆರುವಷ್ಟರಲ್ಲಿ ಶ್ಯಾಡೋಬೀಸ್ಟನ್ನು ಹೊಡೆದು ಸೇವ್ ಮಾಡಿದೆ. ಆ ಆರು ತಿಂಗಳು ನನಗೆ ರಿಯಾಯಿತಿ ತೋರಿಸದೇ ಇದ್ದದ್ದು ಅದೊಂದೇ ಪ್ರಾಣಿ. ಮಾರನೇ ವಾರ ಅನಾಟಮಿ ಪುಸ್ತಕ ತೆಗೆದೆ.

ಹೌದು, ಹೀಗೆ ಕೈಯಾರೆ ಒಂದೊಂದೇ ಪ್ರಾಣಿ, ಒಂದೊಂದೇ ಕಳ್ಳನನ್ನು ಜಾಗ ನೋಡಿ ಇಡುವುದು ದೊಡ್ಡ ಕೆಲಸ. ಪಟ್ಟಿ ಬರೆದು ಕಂಪ್ಯೂಟರ್‌ಗೆ ಬಿಡುವುದು ಸುಲಭ. ಕೆಟ್ಟದಾಗಿ ಇಟ್ಟರೂ ಕಷ್ಟವೇ. ವಿಚರ್ 3 ಅನ್ನುವ ಆಟದಲ್ಲಿ ಮೊದಲ ಊರಿನ ಹೊಳೆಯಲ್ಲಿ ಸಿಗುವ ಡ್ರೌನರ್ ಅನ್ನುವ ನೀರಿನ ಪಿಶಾಚಿ, ಕೊನೆಯ ದ್ವೀಪದಲ್ಲಿ ಅದೇ ಮುಖ ಹೊತ್ತುಕೊಂಡು ಬಂದು ಹತ್ತು ಪಟ್ಟು ಏಟು ತಿಂದರೂ ಸಾಯುವುದಿಲ್ಲ. ತಲೆಯ ಮೇಲಿನ ನಂಬರ್ ಒಂದು ಬಿಟ್ಟರೆ ಬೇರೆ ಕಾರಣವೇ ಕಾಣುವುದಿಲ್ಲ. ಅದೂ ನನಗೆ ಒಪ್ಪಿಗೆಯಿಲ್ಲ. ಅಪಾಯ ನೋಡಿದರೆ ಅಪಾಯ ಅಂತ ಗೊತ್ತಾಗಬೇಕು.

ಬೆಳಿಗ್ಗೆ ಹುಡುಗನಿಗೆ ನ್ಯೂ ವೇಗಸ್ ಹಾಕಿಕೊಟ್ಟು ಕ್ಲಿನಿಕ್‌ಗೆ ಹೋದೆ. ಏನೂ ಹೇಳಲಿಲ್ಲ. ಮಧ್ಯಾಹ್ನ ಬಂದು ಕೇಳಿದರೆ, ನೇರ ಉತ್ತರಕ್ಕೇ ಹೋಗಿದ್ದಾನೆ. ಕಣಜ ಕಚ್ಚಿ ಏಳು ಸಲ ಸತ್ತನಂತೆ. ಆಮೇಲೆ ಬೇರೆ ಕಡೆಯಿಂದ ಸ್ಲೋನ್ ತನಕ ಮುಟ್ಟಿದ್ದಾನೆ. "ಅಲ್ಲಿಯವರು ಬೇಡ ಅಂದ್ರು ಚಿಕ್ಕಿ, ಆದ್ರೂ ನೋಡ್ತೀನಿ" ಅಂದ.

ಊಟಕ್ಕೆ ಬಡಿಸಿ ಕರೆದೆ. ಬರಲಿಲ್ಲ. ಎರಡನೇ ಸಲ ಕರೆದೆ. ಕೋಣೆಯಿಂದ ಪಿಸುದನಿ ಬಂತು, ಆ ಪ್ರಾಣಿಗಳಿಗೆ ಕೇಳಿಸಿಬಿಡುತ್ತದೇನೋ ಅನ್ನುವ ಹಾಗೆ. "ಐದೇ ನಿಮಿಷ ಚಿಕ್ಕಿ. ಇವು ಆ ಕಡೆ ತಿರುಗ್ಲಿ."

ಸಾರಿನ ಪಾತ್ರೆಗೆ ತಟ್ಟೆ ಮುಚ್ಚಿ, ಹೋಗಿ ಅವನ ಪಕ್ಕದಲ್ಲಿ ಕೂತೆ.