ವಾಲಿಗೆ ಇಡೀ ರಾತ್ರಿ, ಅರಗಾಕ್ಕೆ ಒಂದು ಗಂಟೆಯೂ ಇಲ್ಲ

ಈ ಸಲ ರಜೆಗೆ ಬಂದಾಗ ಶಿರಸಿಯಲ್ಲಿ ಸೋದರಮಾವನಿಗೆ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ ಹಾಕಿ ತೋರಿಸಿದೆ. ನನಗೆ ತುಂಬಾ ಇಷ್ಟವಾದ, ಬಾಹ್ಯಾಕಾಶದಲ್ಲಿ ನಡೆಯುವ ಅಮೆರಿಕದ ಧಾರಾವಾಹಿ ಅದು. ಅದರ ಟೈಟಲ್ ಸಂಗೀತದಲ್ಲಿ ಗಾಯತ್ರಿ ಮಂತ್ರ ಬರುತ್ತದೆ. ಕೇಳಿಸಿದ್ದೇ ಮಾವ ಕವಳದ ತಟ್ಟೆ ಬದಿಗಿಟ್ಟು ನೆಟ್ಟಗೆ ಕೂತರು. ನನಗೂ ಖುಷಿಯಾಯಿತು. ಸ್ವಲ್ಪ ಹೊತ್ತು ಕಳೆದಿತ್ತಷ್ಟೆ, ಎದ್ದುಬಿಟ್ಟರು. “ಎಂತದಾ ಅಪ್ಪಿ ಇದು, ಮಕ್ಕ ನೋಡ ಕಾರ್ಟೂನಿನ ಹಾಂಗೆ ಇದ್ದು” ಎಂದು ತೋಟದ ಕಡೆ ಹೊರಟರು.

ಸಣ್ಣ ಮಾತು. ಆದರೂ ಚುಚ್ಚಿತು. ಬೇರೆ ಯಾರೋ ಅಂದಿದ್ದರೆ ಬಿಟ್ಟುಬಿಡುತ್ತಿದ್ದೆ. ಮಾವ ಹಾಗಲ್ಲ. ‘ವಾಲಿವಧೆ’ ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಇದೆ ಅಂದರೆ ಎಷ್ಟು ದೂರವಾದರೂ ಹೋಗುವವರು. ಮರೆಯಲ್ಲಿ ನಿಂತು ಬಾಣ ಬಿಟ್ಟಿದ್ದು ಸರಿಯಾ ಅಂತ ವಾಲಿ ಕೇಳುತ್ತಾ ಹೋದರೆ ಬೆಳಗಿನ ಜಾವದವರೆಗೆ ಅಲ್ಲಾಡದೆ ಕೂರುತ್ತಾರೆ. ಮರುದಿನ ಆಸರಿ ಕುಡಿಯುವಾಗ ರಾಮನ ಪರ ಯಾರಾದರೂ ಮಾತಾಡಿದರೆ ಬಿಡುವುದಿಲ್ಲ. ಅಂಥವರಿಗೆ ಈ ಕಥೆ ಮಕ್ಕಳಾಟದ ಹಾಗೆ ಕಂಡಿತಲ್ಲ!

ಗೊತ್ತಿಲ್ಲದವರಿಗೆ ಕಥೆ ಹೇಳಿಬಿಡುತ್ತೇನೆ. 1978ರ ಹಳೆಯ ಧಾರಾವಾಹಿಯನ್ನು ಹೊಸದಾಗಿ ಕಟ್ಟಿ 2003ರಲ್ಲಿ ಕಿರು ಸರಣಿಯಾಗಿ ತಂದರು. ಆಮೇಲೆ 2009ರವರೆಗೆ ಪೂರ್ತಿ ಧಾರಾವಾಹಿಯಾಗಿ ನಡೆಯಿತು. ಮನುಷ್ಯರೇ ಮಾಡಿದ ಯಂತ್ರಗಳು, ಸೈಲಾನ್‌ಗಳು, ತಿರುಗಿಬಿದ್ದು 12 ಗ್ರಹಗಳ ಮೇಲೆ ಅಣುಬಾಂಬ್ ಹಾಕುತ್ತವೆ. ಸುಮಾರು 50 ಸಾವಿರ ಜನ ಬಾಹ್ಯಾಕಾಶದ ಹಡಗುಗಳಲ್ಲಿ ಉಳಿಯುತ್ತಾರೆ. ಅಧಿಕಾರದ ಸಾಲಿನಲ್ಲಿ 43ನೆಯವಳಾಗಿದ್ದ ಶಿಕ್ಷಣ ಸಚಿವೆ ಲಾರಾ ರಾಸ್ಲಿನ್, ಒಂದು ಕಾಲದ ಶಾಲಾ ಟೀಚರ್, ಅಧ್ಯಕ್ಷೆಯಾಗುತ್ತಾಳೆ. ಮೇಲಿನವರು ಯಾರೂ ಬದುಕಿಲ್ಲ. ಸೈನ್ಯ ಇರುವುದು ಅಡಾಮಾ ಎಂಬ ಕಮಾಂಡರ್ ಕೈಯಲ್ಲಿ. ಇಬ್ಬರಲ್ಲಿ ಯಾರ ಮಾತು ನಡೆಯಬೇಕು? ಕಥೆಯ ಬೆನ್ನೆಲುಬೇ ಅದು.

ರಾಸ್ಲಿನ್ ಹಡಗಿನಲ್ಲಿ ಒಂದು ಬಿಳಿ ಬೋರ್ಡ್ ಇದೆ. ಬದುಕಿರುವವರ ಲೆಕ್ಕ ಅದರ ಮೇಲೆ. ಮೊದಲ ಕಂತಿನಲ್ಲಿ ಆ ಸಂಖ್ಯೆ ಇಳಿಯುತ್ತಲೇ ಹೋಗುತ್ತದೆ. ಆಕೆಗೆ ನಿದ್ದೆಯಿಲ್ಲ, ಯಾರಿಗೂ ಇಲ್ಲ. ಕೊನೆಗೆ ಒಂದು ಹಡಗಿನಲ್ಲಿ ಮಗು ಹುಟ್ಟಿದ ಸುದ್ದಿ ಬರುತ್ತದೆ. ಆಕೆ ಎದ್ದು ಹೋಗಿ 47,972ನ್ನು 47,973 ಮಾಡುತ್ತಾಳೆ. ಅಷ್ಟೇ. ಸರ್ಕಾರ ಅಂದರೆ ಏನು ಅಂತ ನನಗೆ ಇಷ್ಟು ಚೆನ್ನಾಗಿ ಯಾರೂ ತೋರಿಸಿಲ್ಲ. ಮುಂದೆ ಇದೇ ಹೆಂಗಸು ಜನಸಂಖ್ಯೆ ಕುಸಿಯುತ್ತಿದೆ ಅಂತ ಗರ್ಭಪಾತ ನಿಷೇಧಿಸುತ್ತಾಳೆ. ಚುನಾವಣೆಯಲ್ಲಿ ಮೋಸ ಮಾಡುವುದಕ್ಕೂ ಇಳಿಯುತ್ತಾಳೆ. ನಾವು ಮೆಚ್ಚಿಕೊಂಡವಳೇ ಹೀಗೆ ಮಾಡಿದಾಗ ನೋಡುವವರು ಏನು ಮಾಡಬೇಕು?

ನಾನಿರುವುದು ವ್ಯಾಂಕೋವರ್‌ನಲ್ಲಿ. ಧಾರಾವಾಹಿಯ ಚಿತ್ರೀಕರಣ ಆಗಿದ್ದೂ ಇದೇ ಊರಿನ ಸುತ್ತಮುತ್ತ. ಅದು ಪ್ರಸಾರವಾಗುತ್ತಿದ್ದ ಕಾಲದಲ್ಲಿ ನಮ್ಮ ಆಫೀಸಿನ ಊಟದ ಮೇಜಿನಲ್ಲಿ ನಡೆದ ಜಗಳ ಈಗಲೂ ಕಣ್ಣಿಗೆ ಕಟ್ಟಿದೆ. 2006ರಲ್ಲಿ ಮೂರನೇ ಸೀಸನ್ ಶುರುವಾಯಿತು. ಮನುಷ್ಯರು ನೆಲೆಸಿದ ಗ್ರಹವನ್ನು ಸೈಲಾನ್‌ಗಳು ಆಕ್ರಮಿಸಿ ಆಳುತ್ತಿವೆ. ನಮ್ಮವರು ಅಂದುಕೊಂಡ ಪಾತ್ರಗಳೇ ಮೈಗೆ ಬಾಂಬ್ ಕಟ್ಟಿಕೊಂಡು ಹೋಗಿ ಸಿಡಿಯುತ್ತವೆ. ಸಾಯುವವರಲ್ಲಿ ಆಳುವವರ ಪೊಲೀಸ್ ಕೆಲಸಕ್ಕೆ ಸೇರಿದ ಮನುಷ್ಯರೂ ಇದ್ದಾರೆ. ಆಗ ಅಮೆರಿಕದ ಸೈನ್ಯ ಇರಾಕ್‌ನಲ್ಲಿತ್ತು. ಅಮೆರಿಕದ ಟಿವಿಯೇ ತನ್ನ ಜನರನ್ನು ಆಕ್ರಮಣಕ್ಕೆ ಒಳಗಾದವರ ಜಾಗದಲ್ಲಿ ಕೂರಿಸಿತ್ತು. ನಮ್ಮ ಆಫೀಸಿನಲ್ಲಿ ಒಬ್ಬರ ತಮ್ಮ ಆ ಯುದ್ಧಕ್ಕೆ ಹೋಗಿದ್ದ. ಅವರು ಊಟ ಅರ್ಧಕ್ಕೆ ಬಿಟ್ಟು ಎದ್ದು ಹೋದರು. ಮರುವಾರ ಬಂದು ಮತ್ತೆ ಅದೇ ಮೇಜಿನಲ್ಲಿ ಕೂತು ಮಾತು ಮುಂದುವರಿಸಿದರು. ಅದು ನನಗೆ ದೊಡ್ಡ ವಿಷಯ.

2009ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ವಿಶ್ವಸಂಸ್ಥೆ ಈ ಧಾರಾವಾಹಿಯವರನ್ನು ಕರೆಸಿ ಮಾನವ ಹಕ್ಕು, ಭಯೋತ್ಪಾದನೆ, ಯುದ್ಧದಲ್ಲಿ ಸಿಕ್ಕಿಬಿದ್ದ ಮಕ್ಕಳು, ಇದರ ಬಗ್ಗೆಲ್ಲ ಚರ್ಚೆ ಇಟ್ಟಿತು. ದೇಶಗಳ ಹೆಸರಿರುವ ಫಲಕಗಳ ಜಾಗದಲ್ಲಿ ಕಥೆಯ 12 ಗ್ರಹಗಳ ಹೆಸರಿದ್ದವು. ಕಟ್ಟುಕಥೆಯನ್ನು ದೊಡ್ಡವರು ಹೀಗೆ ಎದುರಿಗೆ ಕೂರಿಸಿಕೊಳ್ಳುತ್ತಾರೆ.

ಈಗ ಕಾರವಾರಕ್ಕೆ ಬನ್ನಿ. ನಾನು ಓದಿದ್ದು ಅಲ್ಲೇ, ಅಪ್ಪನ ನೌಕರಿ ಅಲ್ಲಿತ್ತು. ನನ್ನ ಗೆಳೆಯನೊಬ್ಬ ಅಲ್ಲೇ ಹತ್ತಿರದ ಅರಗಾ ಎಂಬ ಊರಿನವನು. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. 2005ರಲ್ಲಿ ಐಎನ್‌ಎಸ್ ಕದಂಬ ಆಯಿತು. ಈ ನಡುವೆ ಕಾರವಾರದಿಂದ ಅಂಕೋಲೆಯ ತನಕ ಸಾವಿರಾರು ಕುಟುಂಬ ಸಮುದ್ರದ ದಂಡೆ ಬಿಟ್ಟು ಎದ್ದರು. ಗೆಳೆಯನ ಮನೆಯೂ ಹೋಯಿತು, ತೆಂಗಿನ ತೋಟವೂ ಹೋಯಿತು, ದೋಣಿ ಎಳೆದು ಹಾಕುತ್ತಿದ್ದ ದಂಡೆಯೂ ಹೋಯಿತು. ಈಗ ಅವರು ತೋಡೂರಿನ ಕಾಲೊನಿಯಲ್ಲಿದ್ದಾರೆ. ಅವನ ಮಗಳ ಮದುವೆ ಕರೆಯೋಲೆ ನನಗೂ ಬಂತು. ಅದರಲ್ಲಿ ಹೆಸರಿನ ಕೆಳಗೆ ‘ಮೂಲ ಅರಗಾ, ಹಾಲಿ ತೋಡೂರು’ ಎಂದು ಅಚ್ಚಾಗಿತ್ತು. ಆ ಹುಡುಗಿ ಹುಟ್ಟಿದ್ದೇ ಕಾಲೊನಿಯಲ್ಲಿ!

ಸೀಬರ್ಡ್ ಒಂದೇ ಅಲ್ಲ. ಸೂಪಾ ಅಣೆಕಟ್ಟಿಗೆ ಹಳೆಯ ಸೂಪಾ ಊರೇ ಮುಳುಗಿತು. ಕದ್ರಾ ಅಣೆಕಟ್ಟು ಇದೆ, ಕೈಗಾ ಅಣುಸ್ಥಾವರ ಇದೆ. ದೇಶದ ರಕ್ಷಣೆಗೆ, ದೇಶದ ಕರೆಂಟಿಗೆ ಯಾರು ಎದ್ದು ಹೋಗಬೇಕು ಎಂಬ ಪ್ರಶ್ನೆ ನಮ್ಮ ಜಿಲ್ಲೆಗೆ ಗೊತ್ತಿರುವಷ್ಟು ಬೇರೆ ಯಾರಿಗೆ ಗೊತ್ತು ಹೇಳಿ? ಸೈನ್ಯ ಬೇಕೇ ಬೇಕು, ಜನರೂ ಬದುಕಬೇಕು. ಅಡಾಮಾ ಮತ್ತು ರಾಸ್ಲಿನ್ ಹೊಡೆದಾಡುವುದು ಇದಕ್ಕೇ. ಆದರೆ ಸಂಜೆ ಟಿವಿ ಹಾಕಿದರೆ ಕನ್ನಡದ ಯಾವ ಧಾರಾವಾಹಿಯಲ್ಲೂ ನಿರಾಶ್ರಿತರ ಕಾಲೊನಿಯ ಒಂದು ಮನೆ ಕಾಣಿಸುವುದಿಲ್ಲ. ಬಂಗಲೆ, ಒಡವೆ, ಅತ್ತೆ, ಸೊಸೆ. ಟಿವಿಯ ಕೆಲಸ ಮಾಡುವ ಪರಿಚಯದವರೊಬ್ಬರಿಗೆ ಹೇಳಿ ನೋಡಿದೆ. “ರಾಜಕೀಯ ಬೇಡ ಸರ್, ಮನೆಮಂದಿ ಚಾನೆಲ್ ಬದಲಾಯಿಸ್ತಾರೆ” ಅಂದರು. ಅದನ್ನು ನಾನು ನಂಬುವುದಿಲ್ಲ. ನಮ್ಮ ಜನ ವಾದ ಕೇಳಲು ರಾತ್ರಿಯಿಡೀ ಕೂರುವವರು. ವಾಲಿಗೆ ಕೊಟ್ಟ ಕಿವಿಯನ್ನು ಅರಗಾದವರಿಗೆ ಯಾಕೆ ಕೊಡಬಾರದು? ಪುರಾಣದಲ್ಲಿ ಅನ್ಯಾಯ ಆದರೆ ನಮಗೆ ನಿದ್ದೆ ಬರುವುದಿಲ್ಲ, ಪಕ್ಕದ ಊರಿನಲ್ಲಿ ಆದರೆ ಅದು ಪೇಪರಿನ ಒಳಪುಟದ ಸುದ್ದಿ. ಇದು ನನಗೆ ಸಹಿಸಲಾಗದು.

ಇಷ್ಟು ಹೇಳಿದ ಮೇಲೆ ನಾನಿರುವ ವ್ಯಾಂಕೋವರ್‌ನದ್ದನ್ನೂ ಹೇಳಲೇಬೇಕು, ಮನಸ್ಸಿಲ್ಲದಿದ್ದರೂ. ನಾವು ಊಟದ ಮೇಜಿನಲ್ಲಿ ಅಷ್ಟೊಂದು ಜಗಳವಾಡಿದೆವಲ್ಲ, ಧಾರಾವಾಹಿ ಮುಗಿದ ಮೇಲೆ ಮಾತೂ ಮುಗಿಯಿತು. ವ್ಯಾಂಕೋವರ್ ನಿಂತಿರುವ ನೆಲ ಮಸ್ಕ್ವಿಯಮ್, ಸ್ಕ್ವಾಮಿಶ್, ಸ್ಲೇವಾಟುತ್ ಮೂಲನಿವಾಸಿಗಳದ್ದು. ಒಪ್ಪಂದ ಮಾಡಿಕೊಂಡು ಯಾರಿಗೂ ಬಿಟ್ಟುಕೊಟ್ಟ ನೆಲವಲ್ಲ ಅದು. ಬೇರೆ ಗ್ರಹದ ಆಕ್ರಮಣಕ್ಕೆ ಕಣ್ಣೀರು ಹಾಕಿದ ಆ ಮೇಜಿನಲ್ಲಿ ಈ ನೆಲದ ಮಾತು ಒಮ್ಮೆಯೂ ಬರಲಿಲ್ಲ. ನಮ್ಮ ಕಡೆಯವರು ಅಷ್ಟಕ್ಕೇ ನಿಂತವರಲ್ಲ. 1983ರಲ್ಲಿ ಶಿರಸಿಯ ಸಲ್ಕಣಿಯಲ್ಲಿ ಕಾಡು ಕಡಿಯಲು ಬಂದಾಗ ಜನ ಮರ ಅಪ್ಪಿ ನಿಂತರು. ಸೀಬರ್ಡ್ ನಿರಾಶ್ರಿತರು ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಅಲೆದರು. ಇನ್ನೊಂದು ಮಾತು, ತಾಳಮದ್ದಳೆಯಲ್ಲಿ ಪಾತ್ರವಾಗಿ ಮಾತಾಡುವ ಒಳ್ಳೆಯ ಅರ್ಥಧಾರಿ ಸಿಕ್ಕರೆ ವಾಲಿಯ ಬಾಯಿಂದ ಬರುವ ಪ್ರಶ್ನೆಗೆ ಗ್ಯಾಲಾಕ್ಟಿಕಾದ ಯಾವ ಸಂಭಾಷಣೆಯೂ ಸಾಟಿಯಲ್ಲ. ಅದರ ಕೊನೆಯ ಕಂತಿನಲ್ಲಂತೂ ಕಷ್ಟದ ಪ್ರಶ್ನೆಗಳನ್ನೆಲ್ಲ ದೇವರ ಮೇಲೆ ಹಾಕಿಬಿಟ್ಟರು.

ಅದಕ್ಕೇ ನಮ್ಮವರೇ ಬರೆಯಲಿ ಅನ್ನುತ್ತೇನೆ. ರಾಕೆಟ್ ಬೇಕಾದರೆ ಇರಲಿ, ಬೇಡವಾದರೆ ಬೇಡ. ನೌಕಾಪಡೆಯ ಅಧಿಕಾರಿಯನ್ನು ಮಾತ್ರ ಕೆಟ್ಟವನನ್ನಾಗಿ ಮಾಡಬೇಡಿ, ಅವನ ವಾದಕ್ಕೂ ಪೂರ್ತಿ ಹೊತ್ತು ಕೊಡಿ. ಆಮೇಲೆ ದಂಡೆ ಬಿಟ್ಟು ಎದ್ದ ಹೆಂಗಸು ಮಾತಾಡಲಿ. ಆಕೆಯ ಮಾತಿನ ನಡುವೆ ಜಾಹೀರಾತು ಹಾಕಬೇಡಿ.