ಗೋಲು ಅವರದು, ಸ್ನಾನ ನನ್ನದು

ಇಸ್ತ್ರಿ ಪೆಟ್ಟಿಗೆಯ ಹಬೆ ತಗುಲಿದರೆ ಸಾಕು, ನನ್ನ ಬೂದು ಬಣ್ಣದ ಕೋಟಿನಿಂದ ಇಂದಿಗೂ ಬಿಯರಿನ ವಾಸನೆ ಏಳುತ್ತದೆ. ಭಾವಮೈದುನನ ಮದುವೆಗೆಂದು ಅರಸೀಕೆರೆಯ ದರ್ಜಿಗೆ ಅಳತೆ ಕೊಟ್ಟು, ತೋಳು ಉದ್ದವಾಯಿತೆಂದು ಮತ್ತೆ ಬಿಚ್ಚಿಸಿ ಹೊಲಿಸಿದ ಕೋಟು ಅದು. ಲಂಡನ್ನಿನಲ್ಲಿ ಅದನ್ನು ಡ್ರೈಕ್ಲೀನ್ ಮಾಡಿಸಿದ್ದಾಯಿತು, ಇಲ್ಲಿಯವರು ಬಿಸಿಲೆಂದು ನಂಬಿಕೊಂಡಿರುವುದಕ್ಕೆ ಒಡ್ಡಿದ್ದಾಯಿತು, ನುಸಿಗುಳಿಗೆಗಳ ನಡುವೆ ಬೀರುವಿನಲ್ಲಿ ಕೂಡಿ ಹಾಕಿದ್ದೂ ಆಯಿತು. ಆದರೂ ಈ ಬೆಳಿಗ್ಗೆ ಆಫೀಸಿಗೆ ಹೊರಡುವ ಆತುರದಲ್ಲಿ ಕಾಲರಿನ ಮೇಲೆ ಇಸ್ತ್ರಿ ಎಳೆದಾಗ, 2024ರ ಜುಲೈ 10ರ ರಾತ್ರಿ ಇಂಗ್ಲೆಂಡ್ ಹೊಡೆದ ಗೋಲುಗಳೆಲ್ಲ ಒಂದೊಂದಾಗಿ ಮೂಗಿಗೆ ಬಡಿದವು. ಹೊಡೆದವರಿಗೆ ಆ ಗೋಲುಗಳು ಮರೆತುಹೋಗಿರಬಹುದು. ನನ್ನ ಕೋಟು ಮಾತ್ರ ಒಂದನ್ನೂ ಮರೆತಿಲ್ಲ.

ಇಂಗ್ಲೆಂಡಿನ ಫುಟ್‌ಬಾಲ್ ಅಭಿಮಾನಿಗಳು ತಮ್ಮ ದೇಶದ ತಂಡ ಗೋಲು ಹೊಡೆದ ಕೂಡಲೇ ಕೈಯಲ್ಲಿರುವ ಬಿಯರನ್ನು ಮೇಲಕ್ಕೆ ಎರಚುತ್ತಾರೆಂಬುದನ್ನು ನೀವೂ ದೂರದರ್ಶನದಲ್ಲಿ ನೋಡಿರುತ್ತೀರಿ. ನೂರಾರು ಪ್ಲಾಸ್ಟಿಕ್ ಲೋಟಗಳು ಒಮ್ಮೆಗೇ ಚಿಮ್ಮಿ, ದೀಪದ ಬೆಳಕಿನಲ್ಲಿ ಹೊಂಬಣ್ಣದ ತುಂತುರು ಹರಡುವ ಆ ದೃಶ್ಯ ಕ್ಯಾಮೆರಾದಲ್ಲಿ ಬಲು ಸುಂದರ. ಕ್ಯಾಮೆರಾ ಇರುವುದು ಮೇಲೆ, ಬಿಯರು ಬೀಳುವುದು ಕೆಳಗೆ ಎಂಬುದೊಂದೇ ವ್ಯತ್ಯಾಸ. ಸ್ಟೇಡಿಯಂಗಳಲ್ಲಿ ಈ ಕಾಟವಿಲ್ಲ, ಏಕೆಂದರೆ ಆಟ ಕಣ್ಣಿಗೆ ಕಾಣುವ ಜಾಗದಲ್ಲಿ ಮದ್ಯ ಕುಡಿಯಬಾರದೆಂದು ಇಲ್ಲಿ 1985ರಲ್ಲಿಯೇ ಕಾನೂನು ಮಾಡಿದ್ದಾರೆ. ಕಾನೂನು ಮಾಡಿದವರು ಸ್ಟೇಡಿಯಮ್ಮಿನ ಒಳಗಿನ ಶಾಂತಿಯನ್ನು ಯೋಚಿಸಿದರೇ ಹೊರತು, ದೊಡ್ಡ ಪರದೆ ಕಟ್ಟಿ ಟಿಕೆಟ್ ಮಾರುವ ಅಂಗಳಗಳಲ್ಲಿ ಲಿಂಬೆ ಸೋಡಾ ಹಿಡಿದು ಒಂದು ಮೂಲೆಯಲ್ಲಿ ನಿಂತಿರುವ ನನ್ನಂಥವರನ್ನು ಯೋಚಿಸಲಿಲ್ಲ.

ನನ್ನನ್ನು ಅಂಥದೊಂದು ಅಂಗಳಕ್ಕೆ ಕರೆದೊಯ್ದವರು ಲೆಕ್ಕಪತ್ರ ವಿಭಾಗದ ಸಹೋದ್ಯೋಗಿಯೊಬ್ಬರು. ಅವರಷ್ಟು ಸಭ್ಯರನ್ನು ನಾನು ಕಂಡಿಲ್ಲ. ಎದುರು ಮೇಜಿನಲ್ಲಿಯೇ ಕುಳಿತಿದ್ದರೂ ಮಾತನಾಡಬಹುದೇ ಎಂದು ಮೊದಲು ಇಮೇಲ್ ಕಳುಹಿಸುತ್ತಾರೆ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಪ್ರಿಂಟರಿಗೆ ಸಾರಿ ಹೇಳುತ್ತಾರೆ. ರೈಲಿನಲ್ಲಿ ಪಕ್ಕದ ಆಸನ ಖಾಲಿಯಿದ್ದರೂ ಅಪರಿಚಿತರ ಮೊಣಕೈ ತಗುಲೀತೆಂದು ನಿಂತೇ ಪ್ರಯಾಣ ಮಾಡುತ್ತಾರೆ. ಯೂರೋ ಕಪ್ ಸೆಮಿಫೈನಲ್, ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ ನೆದರ್‌ಲ್ಯಾಂಡ್ಸ್ ವಿರುದ್ಧದ ಆಟ, ಆಫೀಸು ಮುಗಿಸಿ ನೇರವಾಗಿ ಹೋಗೋಣವೆಂದಾಗ ಇಂಥ ಸಜ್ಜನರ ಜೊತೆಗಿದ್ದರೆ ಅಪಾಯವೇನಿದೆ ಎನ್ನಿಸಿತು. ಆಫೀಸಿನಿಂದ ನೇರವಾಗಿ ಹೋದದ್ದರಿಂದ ಕೋಟು ಮೈಮೇಲಿತ್ತು.

ಏಳನೆಯ ನಿಮಿಷಕ್ಕೇ ನೆದರ್‌ಲ್ಯಾಂಡ್ಸಿನ ಸೈಮನ್ಸ್ ದೂರದಿಂದ ಒಂದು ಗೋಲು ಹೊಡೆದರು. ಎಷ್ಟು ಜನರ ಕೈಯಲ್ಲಿ ಲೋಟಗಳಿದ್ದವೋ ಅಷ್ಟೂ ಲೋಟಗಳು ಅಲ್ಲಾಡದೆ ನಿಂತವು. ಒಂದು ಹನಿಯೂ ಚೆಲ್ಲಲಿಲ್ಲ. ಲೋಟವನ್ನು ನೆಟ್ಟಗೆ ಹಿಡಿಯಲು ಇವರಿಗೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆಮೇಲೆ ರೆಫರಿಯವರು ಮೈದಾನದ ಅಂಚಿನ ಪರದೆಯನ್ನು ನೋಡಿ ಬಂದು ಇಂಗ್ಲೆಂಡಿಗೆ ಪೆನಾಲ್ಟಿ ಕೊಟ್ಟರು. ಹ್ಯಾರಿ ಕೇನ್ ಚೆಂಡನ್ನಿಟ್ಟು ಹಿಂದೆ ಸರಿದಾಗ, ನನ್ನ ಸಹೋದ್ಯೋಗಿ ಎಡಗೈಯಲ್ಲಿದ್ದ ಬಿಯರನ್ನು ಮೆಲ್ಲನೆ ಬಲಗೈಗೆ ವರ್ಗಾಯಿಸಿದರು. ಅದರ ಅರ್ಥ ನನಗೆ ಆಗ ತಿಳಿದಿರಲಿಲ್ಲ. ಕೇನ್ ಹೊಡೆದರು, ಬಲೆ ಅಲುಗಿತು, 568 ಮಿಲಿಲೀಟರಿನ ಒಂದು ಪೈಂಟು ನನ್ನ ಎಡಭುಜದ ಮೇಲೆ ಇಳಿಯಿತು. ಒಡನೆಯೇ ಆ ಸಜ್ಜನರು ನನ್ನನ್ನು ಬಿಗಿದಪ್ಪಿ ಕೆನ್ನೆಗೆ ಕೆನ್ನೆ ಒತ್ತಿ, ಹಿಂದೆ ಸರಿದು, ನನ್ನ ಕೋಟನ್ನು ನೋಡಿ ಸಾರಿ ಎಂದರು. ತಮ್ಮ ಖಾಲಿ ಲೋಟದ ಕಡೆಗೆ ತಿರುಗಿ ಅದಕ್ಕೂ ಸಾರಿ ಎಂದರು.

ಅಲ್ಲಿಂದ ಮುಂದೆ ನಾನು ಆಟವನ್ನು ನೋಡಲಿಲ್ಲ, ಅವರ ಮಣಿಕಟ್ಟನ್ನು ನೋಡಿದೆ. ಲೋಟ ಎಡಗೈಯಲ್ಲಿದ್ದರೆ ಚೆಂಡು ಇಂಗ್ಲೆಂಡಿನ ಭಾಗದಲ್ಲಿದೆ, ನಾನು ಸುರಕ್ಷಿತ. ಲೋಟ ಬಲಗೈಗೆ ಬಂತೆಂದರೆ ಎದುರಾಳಿಯ ಗೋಲಿನ ಮುಂದೆ ಏನೋ ನಡೆಯುತ್ತಿದೆ. ಹೆಬ್ಬೆರಳು ಲೋಟದ ಬುಡಕ್ಕೆ ಜಾರಿತೆಂದರೆ ಕೊಡೆಯಿಲ್ಲದವರು ಆ ಜಾಗ ಬಿಡುವುದು ಕ್ಷೇಮ. ಹೀಗೆ ಪರದೆಯ ಕಡೆಗೆ ಬೆನ್ನು ಹಾಕಿಯೇ ನಾನು ಇಡೀ ಪಂದ್ಯವನ್ನು ಬಹುಮಟ್ಟಿಗೆ ಸರಿಯಾಗಿ ಅರ್ಥ ಮಾಡಿಕೊಂಡೆ. ಇಂಗ್ಲೆಂಡಿನ ಫೋಡೆನ್ ಒದ್ದ ಚೆಂಡನ್ನು ನೆದರ್‌ಲ್ಯಾಂಡ್ಸಿನ ಡಮ್ಫ್ರೀಸ್ ಗೋಲಿನ ಗೆರೆಯ ಮೇಲೆಯೇ ತಡೆದು ಆಚೆ ಹಾಕಿದಾಗ, ಚೆಂಡು ಗೆರೆ ದಾಟಲಿಲ್ಲವಾದರೂ ಸುಮಾರು ಕಾಲು ಲೋಟ ಬಿಯರು ದಾಟಿತು. ಇಷ್ಟಕ್ಕೇ ನಿಂತಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ.

ಎಪ್ಪತ್ತೊಂಬತ್ತನೆಯ ನಿಮಿಷದ ಹೊತ್ತಿಗೆ ಸಾಕಾ ಚೆಂಡನ್ನು ಬಲೆಯೊಳಕ್ಕೆ ತಳ್ಳಿದರು. ಇಡೀ ಅಂಗಳವೇ ಆಕಾಶಕ್ಕೆ ಎದ್ದು ನನ್ನ ಮೇಲೆ ಬಿತ್ತು. ಸಹೋದ್ಯೋಗಿಯವರ ಲೋಟ ಮಾತ್ರವಲ್ಲ, ಹಿಂದಿನ ಸಾಲಿನವರದು, ಅದರ ಹಿಂದಿನ ಸಾಲಿನವರದು, ಮೇಜಿನ ಮೇಲೆ ಹತ್ತಿ ನಿಂತಿದ್ದ ಬಕ್ಕತಲೆಯ ಮಹನೀಯರೊಬ್ಬರು ಎರಡು ಕೈಗಳಲ್ಲೂ ಹಿಡಿದಿದ್ದ ಜೋಡಿ ಲೋಟಗಳದು, ಹೀಗೆ ಸಕಲರ ಸಂತೋಷವೂ ನನ್ನ ನೆತ್ತಿಯಿಂದ ಕತ್ತಿಗೆ, ಕತ್ತಿನಿಂದ ಬೆನ್ನಿಗೆ, ಬೆನ್ನಿನಿಂದ ಕಾಲುಚೀಲಕ್ಕೆ ಇಳಿದುಹೋಯಿತು. ಒಳಜೇಬಿನಲ್ಲಿದ್ದ ರೈಲಿನ ಟಿಕೆಟ್ ಮೆತ್ತಗಾಯಿತು. ನಾನು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ಅಂಗಳದಲ್ಲಿ ವಿಚಿತ್ರವಾದ ಮೌನ ಕವಿದಿತ್ತು. ಸಾಕಾಗೆ ಚೆಂಡು ಒದಗಿಸಿದ ವಾಕರ್ ಆಫ್‌ಸೈಡಿನಲ್ಲಿ, ಅಂದರೆ ನಿಯಮ ಮೀರಿ ಮುಂದೆ, ಇದ್ದರಂತೆ. ಗೋಲು ರದ್ದಾಗಿತ್ತು.

ಗೋಲು ರದ್ದಾಯಿತು, ಸರಿ. ಲೆಕ್ಕದಿಂದ ತೆಗೆದು ಹಾಕಿದರು, ಅಂಕ ಮತ್ತೆ 1-1 ಎಂದು ತೋರಿಸಿದರು. ಬಿಯರನ್ನು ರದ್ದು ಮಾಡುವವರು ಯಾರು? ಆಟಗಾರನ ಭುಜ ಗೆರೆಯಿಂದ ಒಂದು ಬೆರಳಿನಷ್ಟು ಆಚೆಗಿದೆಯೋ ಈಚೆಗಿದೆಯೋ ಎಂದು ಅಳೆಯುವ ಯಂತ್ರಗಳನ್ನು ಕಂಡುಹಿಡಿದಿರುವ ಈ ಕಾಲದಲ್ಲಿ, ಅಸಿಂಧುವಾದ ಗೋಲಿಗೆ ಸಿಂಧುವಾಗಿ ನೆನೆದವನಿಗೆ ಪರಿಹಾರ ಕೊಡುವ ನಿಯಮವೊಂದನ್ನು ಯಾರೂ ಬರೆದಿಲ್ಲ. ಸಹೋದ್ಯೋಗಿಯವರು ಬಹಳ ನೊಂದುಕೊಂಡರು. ಖಾಲಿ ಲೋಟವನ್ನು ತೋರಿಸಿ, ಆರೇಳು ಪೌಂಡು ದಂಡವಾಯಿತಲ್ಲ ಎಂದರು. ನನ್ನಿಂದ ನೀರಿಳಿಯುತ್ತಿದ್ದುದನ್ನು ಗಮನಿಸಿ, ಸೌಜನ್ಯಕ್ಕಾಗಿ, ನಿಮಗೂ ಒಂದು ತರಲೇ ಎಂದು ಕೇಳಿದರು.

ಕೊನೆಗೆ ಬದಲಿ ಆಟಗಾರನಾಗಿ ಬಂದ ವಾಟ್ಕಿನ್ಸ್ ತೊಂಬತ್ತು ನಿಮಿಷ ಮುಗಿದ ಮೇಲೆ ಗೋಲು ಹೊಡೆದು ಇಂಗ್ಲೆಂಡನ್ನು ಫೈನಲ್ಲಿಗೆ ಮುಟ್ಟಿಸಿದರು. ಅವರು ಎಷ್ಟು ಚುರುಕಾಗಿ ತಿರುಗಿ ಹೊಡೆದರೆಂದರೆ ಲೋಟವನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಲು ಯಾರಿಗೂ ಪುರಸೊತ್ತು ಸಿಗಲಿಲ್ಲ. ಎಲ್ಲರೂ ಎಡಗೈಯಿಂದಲೇ ಎರಚಿದರು. ಎಡಗೈಯಲ್ಲಿ ಎರಚಿದ್ದು ಇನ್ನೂ ಅಡ್ಡಾದಿಡ್ಡಿಯಾಗಿ ಬೀಳುತ್ತದೆ ಎಂಬುದು ನನ್ನ ಸ್ವಂತ ಅನುಭವ.

ಆ ಬೇಸಿಗೆಯಲ್ಲಿ ಮಾವನವರು ಊರಿನಿಂದ ಬಂದು ನಮ್ಮ ಮನೆಯಲ್ಲಿದ್ದರು. ಖಜಾನೆ ಇಲಾಖೆಯಲ್ಲಿ ಲೆಕ್ಕ ನೋಡಿ ನಿವೃತ್ತರಾದವರು. ಈರುಳ್ಳಿಯನ್ನೇ ಅನುಮಾನದಿಂದ ನೋಡುವವರು. ಈಚಲು ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದವನ ಪಾಡು ಏನೆಂಬ ಗಾದೆ ನಮಗೆಲ್ಲ ಗೊತ್ತು, ಆದರೆ ಆ ಗಾದೆ ಮಾಡಿದ ಹಿರಿಯರು ಈಚಲ ಮರವೇ ಮೈಮೇಲೆ ಸುರಿದುಕೊಂಡು ಬಂದವನನ್ನು ಊಹಿಸಿರಲಿಲ್ಲ. ಬಾಗಿಲು ತೆರೆದವರು ಮಾವನವರೇ. ಒಂದು ಕ್ಷಣ ನಿಂತು, ಉಸಿರು ಬಿಗಿಹಿಡಿದು, “ಅಳಿಯಂದಿರೇ, ಮೊದಲು ಸ್ನಾನ ಮಾಡಿಬಿಡಿ, ಮಾತು ಆಮೇಲೆ” ಎಂದರು. ಒಂದು ತೊಟ್ಟೂ ಬಾಯಿಗೆ ಹೋಗಿಲ್ಲವೆಂದು ನಾನು ಆಣೆ ಮಾಡಿದೆ. “ಒಳಗೆ ಹೋಗದೆ ಹೊರಗೇ ಇಷ್ಟು ಹೋಗುತ್ತದೆಯೇನ್ರೀ?” ಎಂದು ಮಡದಿ ಕೇಳಿದಳು. ಅವಳ ತರ್ಕದಲ್ಲಿ ಲೋಪ ಹುಡುಕುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಮರುದಿನ ಬೆಳಿಗ್ಗೆ ವಾರ್ತೆಯಲ್ಲಿ ಆ ಎರಚಾಟವನ್ನು ಕಣ್ಣಾರೆ ಕಂಡ ಮೇಲೆಯೇ ನನ್ನ ಆಣೆಗೆ ಬೆಲೆ ಬಂತು. ಆದರೆ ಮಾವನವರ ಸಂಕಟ ಬೇರೆ ದಾರಿ ಹಿಡಿಯಿತು. ಒಂದು ಲೋಟಕ್ಕೆ ಎಷ್ಟೆಂದು ಕೇಳಿದರು, ಏಳುನೂರು ರೂಪಾಯಿಯ ಆಸುಪಾಸು ಎಂದೆ, ಕೈಯಲ್ಲಿದ್ದ ಪತ್ರಿಕೆಯನ್ನು ಮಡಿಸಿಟ್ಟರು. ಕುಡಿಯುವುದು ಅವರವರ ಕರ್ಮ, ದುಡ್ಡು ಕೊಟ್ಟು ಕೊಂಡದ್ದನ್ನು ಚೆಲ್ಲುವುದು ಯಾವ ಬುದ್ಧಿ ಎಂಬುದು ಅವರ ಪ್ರಶ್ನೆ. ನಮ್ಮಲ್ಲಿ ಸಿನಿಮಾ ಬಿಡುಗಡೆಯಾದ ದಿನ ನಾಯಕನ ಕಟೌಟಿಗೆ ಬಿಂದಿಗೆಗಟ್ಟಲೆ ಹಾಲಿನ ಅಭಿಷೇಕ ಮಾಡುವುದಿಲ್ಲವೇ ಎಂದು ನಾನು ಇಂಗ್ಲೆಂಡಿನ ಪರವಾಗಿ ವಾದಿಸಿದೆ. ಮಾವನವರು ಸ್ವಲ್ಪ ಯೋಚಿಸಿ, “ಮಾಡುತ್ತಾರೆ. ಆದರೆ ಹಾಲು ಕಟೌಟಿನ ಮೇಲೆ ಬೀಳುತ್ತದೆ, ಟಿಕೆಟ್ಟಿಗೆ ನಿಂತವನ ಮೇಲಲ್ಲ” ಎಂದರು.

ಇಂಗ್ಲೆಂಡಿನವರನ್ನು ಹಗುರವಾಗಿ ಬಿಡಿಸಲು ನಾನು ಬೇರೆ ದೇಶಗಳ ಕಥೆಗಳನ್ನು ತೆಗೆದೆ. 2018ರ ವಿಶ್ವಕಪ್ಪಿನಲ್ಲಿ ಜರ್ಮನಿಯ ವಿರುದ್ಧ ಲೊಸಾನೊ ಹೊಡೆದ ಗೋಲಿಗೆ ಮೆಕ್ಸಿಕೋ ನಗರದ ಜನ ಒಟ್ಟಿಗೆ ನೆಗೆದಾಡಿ, ಅಲ್ಲಿಯ ಎರಡು ಕಂಪನಮಾಪಕಗಳು ನೆಲದ ಅಲುಗಾಟವನ್ನು ದಾಖಲಿಸಿದ್ದವು. ಭೂಮಿ ನಡುಗಿದರೆ ನಡುಗಲಿ, ಯಾರ ಬಟ್ಟೆಯೂ ನೆನೆಯಲಿಲ್ಲವಲ್ಲ ಎಂದರು ಮಾವನವರು. ಅದೇ ವರ್ಷ ಇಂಗ್ಲೆಂಡ್ ಸ್ವೀಡನ್ನನ್ನು ಸೋಲಿಸಿದ ದಿನ, ಪೂರ್ವ ಲಂಡನ್ನಿನ ಅಭಿಮಾನಿಗಳು ಸ್ವೀಡನ್ ಮೂಲದ ಐಕಿಯಾ ಮಳಿಗೆಗೆ ನುಗ್ಗಿ ಅಲ್ಲಿ ಮಾರಾಟಕ್ಕಿಟ್ಟ ಮಂಚಗಳ ಮೇಲೆ ಕುಣಿದದ್ದನ್ನು ಹೇಳಿದೆ. ಅದು ಅವರಿಗೆ ಯಾಕೋ ಹಿಡಿಸಿತು, ಮಂಚದ ಗಟ್ಟಿತನ ಪರೀಕ್ಷೆಯಾದಂತಾಯಿತು ಎಂದು ನಕ್ಕರು. ದಕ್ಷಿಣ ಕೊರಿಯಾ ಜರ್ಮನಿಯನ್ನು 2-0ರಿಂದ ಸೋಲಿಸಿದ್ದರಿಂದ, ತಾನು ಸೋತರೂ ಮುಂದಿನ ಸುತ್ತಿಗೆ ದಾಟಿಕೊಂಡ ಮೆಕ್ಸಿಕೋದ ಜನ ತಮ್ಮ ರಾಜಧಾನಿಯ ಕೊರಿಯಾ ರಾಯಭಾರ ಕಚೇರಿಗೆ ಮುತ್ತಿಗೆ ಹಾಕಿ, ಅಲ್ಲಿಯ ಅಧಿಕಾರಿಯನ್ನು ಹೆಗಲ ಮೇಲೆ ಹೊತ್ತು ಕುಣಿದು, ಟಕೀಲಾ ಕುಡಿಸಿದ್ದನ್ನು ಕೇಳಿ ಮಾತ್ರ ಅವರು ಗಂಭೀರರಾದರು. ಇನ್ನೊಬ್ಬರ ಗೋಲಿಗೆ ಇಷ್ಟೊಂದು ಕುಣಿಯುವುದುಂಟೇ ಎಂದು ಕೇಳಿದರು.

ಉಂಟಲ್ಲ. ನಾವು ಮಾಡುತ್ತಿರುವುದೇ ಅದನ್ನು. ಭಾರತ ಒಮ್ಮೆಯೂ ವಿಶ್ವಕಪ್ಪಿನಲ್ಲಿ ಆಡಿಲ್ಲ. 1950ರಲ್ಲಿ ಅವಕಾಶವಿದ್ದರೂ ತಂಡ ಹೋಗಲಿಲ್ಲ. ಅಂದಿನಿಂದ ನಾವು ನಾಲ್ಕು ವರ್ಷಕ್ಕೊಮ್ಮೆ ಬ್ರೆಜಿಲನ್ನೋ ಅರ್ಜೆಂಟೀನಾವನ್ನೋ ಕಡ ತಂದು ಸಂತೋಷಪಡುವವರು. 2023ರ ಜೂನ್ 21ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸುನಿಲ್ ಛೆಟ್ರಿ ಪಾಕಿಸ್ತಾನದ ವಿರುದ್ಧ ಮೂರು ಗೋಲು ಹೊಡೆದ ರಾತ್ರಿ ಅಲ್ಲಿ ಮಳೆ ಸುರಿಯುತ್ತಿತ್ತು. ಅಣ್ಣನ ಮಗ ಅಲ್ಲಿಂದ ಕಳುಹಿಸಿದ ವೀಡಿಯೊದಲ್ಲಿ ಕಿರುಚಾಟವೂ ಮಳೆಯ ಸದ್ದೂ ಕೇಳುತ್ತಿದ್ದವೇ ಹೊರತು ಮುಖಗಳು ಕಾಣುತ್ತಿರಲಿಲ್ಲ. ಮರುವರ್ಷ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಛೆಟ್ರಿಯ ಬೀಳ್ಕೊಡುಗೆಯೆಂದು ಸಾರಿದ್ದ ಪಂದ್ಯವನ್ನು ಮಾವನವರೂ ನಾನೂ ಇಲ್ಲಿ ಮಧ್ಯಾಹ್ನದ ಹೊತ್ತು ಮೊಬೈಲಿನಲ್ಲಿ ನೋಡಿದೆವು. ಒಂದೇ ಒಂದು ಗೋಲಾಗಲೆಂದು ಇಬ್ಬರೂ ಆಸೆಪಟ್ಟೆವು. ಆಟ 0-0ಯಲ್ಲಿ ಮುಗಿಯಿತು. ಅಂದು ಗೋಲಾಗಿದ್ದರೆ ನಾನು ಈ ಕೋಟನ್ನೇ ಬಿಚ್ಚಿ ಮೇಲಕ್ಕೆಸೆಯುತ್ತಿದ್ದೆನೇನೋ. ಬಿಯರಿನ ಲೋಟ ಹಿಡಿದ ಸಜ್ಜನರ ಮೇಲೆ ನನಗಿರುವುದು ಪೂರ್ತಿ ಸಿಟ್ಟಲ್ಲ, ಅದರಲ್ಲಿ ಹೊಟ್ಟೆಕಿಚ್ಚೂ ಸೇರಿದೆ. ಆದರೆ ಹೊಟ್ಟೆಕಿಚ್ಚಿಗೆ ಡ್ರೈಕ್ಲೀನಿಂಗ್ ಖರ್ಚಿಲ್ಲ.

ಫೈನಲ್ ಪಂದ್ಯವನ್ನು ಮನೆಯಲ್ಲಿಯೇ ನೋಡಿದೆವು. ಬರ್ಲಿನ್ನಿನಲ್ಲಿ ಸ್ಪೇನ್ ಒಂದು ಗೋಲು ಮುಂದಿದ್ದಾಗ, ಎಪ್ಪತ್ಮೂರನೆಯ ನಿಮಿಷಕ್ಕೆ ಪಾಮರ್ ಸಮ ಮಾಡಿದರು. ಅಕ್ಕಪಕ್ಕದ ಮನೆಗಳಿಂದ ಕೂಗು ಎದ್ದಿತು, ಗೋಡೆ ಗುದ್ದಿದ ಸದ್ದಾಯಿತು. ಮಾವನವರು ಮೊದಲು ಕಾಫಿಯ ಲೋಟವನ್ನು ಡಬರಿಯೊಳಗಿಟ್ಟು, ಡಬರಿಯನ್ನು ಟೀಪಾಯಿಯ ನಡುಮಧ್ಯಕ್ಕೆ ಸರಿಸಿ, ಪಂಚೆ ಸರಿಪಡಿಸಿಕೊಂಡು ಎದ್ದು ನಿಂತು, ಚೆನ್ನಾಗಿ ಚಪ್ಪಾಳೆ ತಟ್ಟಿ ಕುಳಿತರು. ಒಂದು ಹನಿ ಚೆಲ್ಲಲಿಲ್ಲ. ಆಮೇಲೆ ಓಯರ್ಸಬಾಲ್ ಹೊಡೆದ ಗೋಲಿನಿಂದ ಸ್ಪೇನ್ 2-1ರಲ್ಲಿ ಗೆದ್ದಿತು; 1966ರಿಂದ ಒಂದು ದೊಡ್ಡ ಕಪ್ಪಿಗಾಗಿ ಕಾಯುತ್ತಿರುವ ಇಂಗ್ಲೆಂಡಿನ ಪುರುಷರ ತಂಡ ಮತ್ತೆ ಕೈ ಬೀಸಿಕೊಂಡು ಬಂತು.

ಸೋಮವಾರ ಆಫೀಸಿನಲ್ಲಿ ಸಹೋದ್ಯೋಗಿಯವರು ಹವಾಮಾನದ ಬಗ್ಗೆ ಮಾತ್ರ ಮಾತನಾಡಿದರು. ನನ್ನನ್ನು ಅಪ್ಪಿಕೊಂಡ ವಿಷಯವೇ ಅವರಿಗೆ ನೆನಪಿದ್ದಂತೆ ಕಾಣಲಿಲ್ಲ. ಮುಂದಿನ ದೊಡ್ಡ ಪಂದ್ಯಕ್ಕೂ ನೀವು ಬರಲೇಬೇಕೆಂದು ಅವರು ಆಮೇಲೆ ಇಮೇಲಿನಲ್ಲಿ ಬರೆದಾಗ ನಾನು ಒಂದೇ ಒಂದು ಷರತ್ತು ಹಾಕಿದೆ: ಗೋಲು ಸಿಂಧುವೆಂದು ರೆಫರಿ ಖಚಿತಪಡಿಸುವವರೆಗೆ ಯಾರೂ ಲೋಟ ಎತ್ತಬಾರದು. ಬಹಳ ಹೊತ್ತು ಯೋಚಿಸಿದವರಂತೆ ಸಂಜೆ ಅವರಿಂದ ಉತ್ತರ ಬಂತು. ಸಲಹೆ ನ್ಯಾಯವಾಗಿದೆಯಂತೆ, ಆದರೆ ಅಷ್ಟು ಹೊತ್ತಿಗೆ ಬಿಯರು ಬೆಚ್ಚಗಾಗಿಬಿಡುತ್ತದಂತೆ, ಸಾರಿಯಂತೆ.